ನೋಡದೇ ಬಿಟ್ಟ ಟ್ರ್ಯಾಕ್ಟರುಗಳು

ಗೋಕಾಕ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸಿಗೆ, ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ರಸ್ತೆ ದಾಟುವ ಧೈರ್ಯ ಇರಲಿಲ್ಲ. ತಂಗಿಯ ಜೊತೆ ಆಸ್ಪತ್ರೆಯಿಂದ ಬಂದಿದ್ದಳು.

“ಗಾಡಿ ಬಂದಾಗ ಮೊಬೈಲ್ ನೋಡಂತ ಹೋದ ಸಲ ಡಾಕ್ಟರ್ ಹೇಳ್ಯಾರ ಅಂದಿದ್ದಿ ಅಲ್ಲ, ರತ್ನಾ?”

“ಹೂಂನಕ್ಕಾ.”

“ಇವತ್ತ ಅವರನ್ನ ಕೇಳಿದ್ನಿ. ಗಾಡಿ ದಾಟಿ ಹೋಗೂತನಕ ಅದನ್ನ ನೋಡಬೇಕು, ಆಗ ಅಂಜಿಕಿ ಬಿಡತೈತಿ ಅಂತ ನಿನಗ ಹೇಳಿದ್ರಂತ.”

“ನೀ ನಡಗೂದು ನನಗ ನೋಡಾಕ ಆಗಲಿಲ್ಲಕ್ಕಾ.”

“ಅದಕ್ಕ ಸುಳ್ಳ ಹೇಳಿದಿ? ಎರಡ ಸೀರಿಯಲ್ ಮುಗಿಸಿದ್ನಿ, ಒಂದ ಟ್ರ್ಯಾಕ್ಟರ್ ನೋಡಲಿಲ್ಲ.”

“ಇವತ್ತಿಂದ ನೋಡೂಣು.”

“ಇನ್ನ ನೋಡಿ ಏನ್ ಮಾಡ್ಲಿ? ರಸ್ತಾದ ಆಚಿ ಸಾಲ್ಯಾಗ ಅಡಗಿಗೆ ನಿನ್ನೆ ನನ್ನ ಬದಲಿ ಬ್ಯಾರೇದಾಕಿನ್ನ ಇಟ್ಕೊಂಡ್ರು.”

ಕುಲಗೋಡ ಬಸ್ಸು ಬಂತು. ಹಿಡಿಯಲು ಬಂದ ತಂಗಿಯ ಕೈಯನ್ನು ಅಕ್ಕ ಸರಿಸಿದಳು. ಹತ್ತುತ್ತ ತಿರುಗದೆಯೇ ಹೇಳಿದಳು:

“ಇಪ್ಪತ್ತೆರಡ ದಿನ ಹೋದವು. ಒಂದ ಕೆಲಸ ಹೋತು.”