ಲಗ್ನಪತ್ರಿಕೆಯ ನಕ್ಷತ್ರ

ಜಯನಗರದ ಆಸ್ಪತ್ರೆಯೊಂದರಲ್ಲಿ ಹೆಂಡತಿಯ ಸ್ಕ್ಯಾನಿಂಗ್ ಮುಗಿಯಲೆಂದು ಕಾದು ಕುಳಿತಿದ್ದ ಶಿವರಾಜನಿಗೆ ಪಕ್ಕದ ಅತ್ತೆ ಸೊಸೆಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅತ್ತೆ ಅಂಜನಮ್ಮ ಹಳೆಯ ಲಗ್ನಪತ್ರಿಕೆಯನ್ನು ನಕ್ಷತ್ರದಂತೆ ಕತ್ತರಿಸಿ ತಂದು, ಅದರ ಸುತ್ತ ಹರಿದ ಸೀರೆಯ ಜರಿಯಂಚು ಹೊಲಿಯುತ್ತಿದ್ದರು. ಕಣ್ಣು ಎದುರಿನ ಆಪರೇಷನ್ ಥಿಯೇಟರಿನ ಬಾಗಿಲ ಮೇಲೇ ಇದ್ದುದರಿಂದ ಸೂಜಿ ಎಲ್ಲೆಲ್ಲೋ ಚುಚ್ಚುತ್ತಿತ್ತು.

"ಇಷ್ಟೊತ್ತು ಬೇಕೇನೆ ಬಿಂದು? ಬೇಗ ಮುಗಿಯುತ್ತೆ ಅಂದಿದ್ರಲ್ಲ."

"ಹೊಟ್ಟೆ ಆಪರೇಷನ್ ಅಲ್ವಾ ಅತ್ತೆ, ಆಗುತ್ತೆ."

"ಪ್ರತಿ ಕ್ರಿಸ್‌ಮಸ್‌ಗೂ ಫಿಲೋಮಿನಾನೇ ನಮ್ಮನೆ ಹಳೇ ಸಾಮಾನೆಲ್ಲ ಇಸ್ಕೊಂಡು ಮರಕ್ಕೆ ಕಟ್ಟೋಕೆ ಏನಾದ್ರೂ ಮಾಡ್ತಿದ್ಲು. ಈ ಸಲ ಅವಳು ಇಲ್ಲಿ, ಮೇಲಿನ ಬಾಡಿಗೆ ಮನೆಗೆ ಬೀಗ."

"ಬರ್ತಾರೆ ಬಿಡಿ. ಆದ್ರೆ ಅತ್ತೆ, ಇದ್ರ ಮಧ್ಯೆ ಗಣಪತಿ ಇದಾನಲ್ಲ!"

"ಅವನನ್ನ ಕತ್ತರಿಸೋಕೆ ಕೈ ಬರ್ಲಿಲ್ಲ ಕಣೆ."

"ಫಿಲೋಮಿನಾ ಆಂಟಿ ಬೇಜಾರು ಮಾಡ್ಕೊಂಡ್ರೆ?"

"ಎದ್ದು ಬಂದು ಬೈಲಿ. ಅಷ್ಟಾದ್ರೆ ಸಾಕು."

ಶಿವರಾಜನೂ ಆಪರೇಷನ್ ಥಿಯೇಟರಿನ ಬಾಗಿಲನ್ನೇ ನೋಡತೊಡಗಿದ.

ಬಾಗಿಲು ತೆರೆದು ನರ್ಸ್ ಕೇಳಿದಳು: "ಫಿಲೋಮಿನಾ ಕಡೆಯವರು ಯಾರು? ನೀವು ಅವ್ರಿಗೆ ಏನಾಗ್ಬೇಕು?"

"ನಾವು ಮನೆ ಓನರ್…" ಎಂದು ಬಿಂದುಶ್ರೀ ಶುರುಮಾಡುವಷ್ಟರಲ್ಲಿ ಅಂಜನಮ್ಮ ಎದ್ದು ನಿಂತು, "ಅಕ್ಕ," ಎಂದರು. "ನಾನು ಅವಳ ಅಕ್ಕ."

"ಆಪರೇಷನ್ ಚೆನ್ನಾಗಾಯ್ತು. ಈಗ ಎಚ್ಚರ ಆಗಿದೆ. ಒಬ್ರು ಮಾತ್ರ ಬನ್ನಿ."

ಅಂಜನಮ್ಮ ನಕ್ಷತ್ರವನ್ನು ಸೆರಗಿನೊಳಗೆ ಮುಚ್ಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ನರ್ಸ್ ಹಿಂದೆ ನಡೆದೇಬಿಟ್ಟರು.

"ಅತ್ತೆ, ಸೂಜಿ! ಅದರಲ್ಲೇ ಇದೆ ಸೂಜಿ!" ಎನ್ನುತ್ತ, ಅಳುತ್ತ, ನಗುತ್ತ ಬಿಂದುಶ್ರೀಯೂ ಹಿಂದೆಯೇ ಓಡಿದಳು.