ಮಷೀನಿಲ್ಲದ ಮನೆಯ ರಿಕಾರ್ಡುಗಳು

ಎಪ್ಪತ್ನಾಲ್ಕನೇ ಇಸವಿಯ ಕೊನೆಯ ವಾರ. ವಿಜಾಪುರದ ನಿಲ್ದಾಣದಲ್ಲಿ ತಿಕೋಟಾ ಬಸ್ಸಿಗೆ ಕಾಯುತ್ತಿದ್ದ ಮಕ್ತುಮಬಿಗೆ ಪಕ್ಕದ ಗಂಡ-ಹೆಂಡತಿಯ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಗಂಡನ ತೊಡೆಯ ಮೇಲೆ ಐದು ಗ್ರಾಮಫೋನ್ ರಿಕಾರ್ಡುಗಳಿದ್ದವು.

“ಈ ವರ್ಷ ಬಂದದ್ದರಾಗ ಇವ ಐದ ಚೊಲೋ ನೋಡ. ಮೊದಲನೇ ನಂಬರ ಈ ಕವ್ವಾಲಿ.”

“ಹೌದ್ರಿ, ಮನ್ಯಾಗ ಹಚ್ಚೂ ಮಷೀನ ಇಲ್ಲಂದ್ರೂ ಎಷ್ಟ ಚಂದ ಕೇಳಸ್ತೈತಿ!”

“ಅದಕ್ಕ ಮನಿಯಿಂದ ತಂದು ಇಲ್ಲಿ ಚಾದಂಗಡ್ಯಾಗ ಹಚ್ಚಿಸಿ ಕೇಳೇನಿ. ಎರಡನೇದು ಈ ಶಹನಾಯಿ.”

“ಅದು ನನಗೂ ಸೇರತೈತ್ರಿ. ಮಜ್ಜಿಗಿ ಗಡಿಗಿ ಮ್ಯಾಲ ಮುಚ್ಚಿದ್ರ ಬೆಕ್ಕ ಹಂತೇಲಿ ಸುಳಿಯೂದಿಲ್ಲ.”

“ಲೇ! ಇದನ್ನ ಮುಚ್ಚಿದ್ದೇನ?”

“ಐದೂ ಸುಮ್ನ ಕುಂತಿದ್ದುವು. ಒಂದರೆ ಮನಿಗೆ ದುಡೀಲಿ ಅಂದ್ನಿ.”

ಮಕ್ತುಮಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅಷ್ಟರಲ್ಲಿ ಬಬಲೇಶ್ವರದ ಬಸ್ಸು ಬಂತು, ಜನ ಮುಗಿಬಿದ್ದರು. ಹೆಂಡತಿ ಗಂಡನ ಕೈಯಿಂದ ರಿಕಾರ್ಡುಗಳನ್ನು ಕಸಿದು ಎದೆಗವಚಿಕೊಂಡಳು. “ನೂಕಬ್ಯಾಡ್ರಿ, ಸರೀರಿ, ಒಡೀತಾವ!” ಎಂದು ಕೂಗುತ್ತ ಎಲ್ಲರಿಗಿಂತ ಮುಂಚೆ ಬಸ್ಸು ಹತ್ತಿದಳು.