ಮೇಲಿನ ಮನೆಯ ಸದ್ದು

ಗ್ಲಾಸ್ಗೋದಲ್ಲಿ ನಮ್ಮ ಗೋವನ್ ಕಡೆಯ ಹಳೆಯ ಕಲ್ಲಿನ ಕಟ್ಟಡಗಳನ್ನು ಸಾಲುಸಾಲಾಗಿ ಕೆಡವುತ್ತಿದ್ದ ವರ್ಷವದು. ಬಟ್ಟೆ ಒಗೆಯುವ ಸಾರ್ವಜನಿಕ ಮನೆಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಸೆಂಗಾ, ಹಳೆಯ ಮಗುಗಾಡಿಯ ತುಂಬ ಕೊಳೆಬಟ್ಟೆ ಹೇರಿಕೊಂಡು ಬಂದಿದ್ದಳು. ಅವಳ ಪಕ್ಕದಲ್ಲಿದ್ದ ಐನಾ ಅವಳಿಗಿಂತ ಹಿರಿಯಳು.

“ಯಾಕೇ, ಮುಖ ಬಿಳಿಚ್ಕೊಂಡಿದೆ?” ಎಂದಳು ಐನಾ.

“ಪಕ್ಕದ ಕಟ್ಟಡ ಕೆಡವಿದಾಗಿಂದ ನಮ್ಮ ಗೋಡೆ ಬಾಯಿ ಬಿಡ್ತಿದೆ, ಐನಕ್ಕ. ನಿನ್ನೆ ಬಿರುಕಿನ ಮೇಲೆ ಕಾಗದ ಅಂಟಿಸಿದ್ದೆ. ಬೆಳಿಗ್ಗೆ ನೋಡಿದ್ರೆ ಹರಿದುಹೋಗಿದೆ.”

“ಮನೆ ಹಂಚೋ ಆಫೀಸಿನೋರಿಗೆ ಹೇಳ್ಬೇಕಿತ್ತು.”

“ಹೇಳ್ದೆ. ಹೊಸ ಮನೆ ಕೊಡೋವರೆಗೂ ಗೋಡೆ ನಿಂತಿರತ್ತಮ್ಮ ಅಂದ್ರು. ಗೋಡೆಗೆ ಅದನ್ನ ಯಾರು ಹೇಳ್ತಾರೆ?”

ಐನಾ ನಗುತ್ತಲೇ ಅವಳ ಹತ್ತಿರಕ್ಕೆ ಸರಿದಳು.

“ಇವತ್ತಂತೂ ಚೌಕಟ್ಟು ವಾಲಿ ಬಾಗಿಲೇ ಬಿಗಿದುಬಿಟ್ಟಿತ್ತು ಕಣಕ್ಕ. ನಮ್ಮೆಜಮಾನ್ರು ಒಲೆ ಕೆದಕೋ ಸಲಾಕೆ ಹಾಕಿ ಮೀಟಿದ ಮೇಲೇ ಹೊರಗೆ ಬಂದಿದ್ದು.”

“ಅಯ್ಯೋ! ನಿಮ್ಮ ಮೇಲಿನ ಮನೆ ಗಿಲ್‌ಕ್ರಿಸ್ಟ್ ಅಜ್ಜಿ?”

“ಮಲಗಿರ್ಬೇಕು. ಮೆಟ್ಟಿಲು ಒರೆಸೋಕೆ ಹೋದಾಗ ಅವರ ಹಾಲಿನ ಬಾಟ್ಲಿ ಇನ್ನೂ ಬಾಗಿಲ ಹೊರಗೇ ಇತ್ತು.”

“ಅವರು ದಿನಾ ಎಷ್ಟು ಹೊತ್ತಿಗೆ ಏಳ್ತಾರೆ?”

“ಬೆಳಕು ಹರಿಯೋಕೆ ಮುಂಚೆನೇ...”

ಸೆಂಗಾ ಥಟ್ಟನೆ ತನ್ನ ಕಟ್ಟಡದ ಕಡೆ ತಿರುಗಿದಳು.

“ಬೆಳಿಗ್ಗೆ ಮೇಲೆ ಏನೋ ಬಡಿಯೋ ಸದ್ದು ಕೇಳಿಸ್ತು, ಐನಕ್ಕ. ಕೆಡವೋರದ್ದು ಅಂದ್ಕೊಂಡೆ.”

“ಕೆಡವೋರು ಇವತ್ತು ಬಂದೇ ಇಲ್ವಲ್ಲೇ!”

ಗಾಡಿಯನ್ನು ಅಲ್ಲೇ ಬಿಟ್ಟು ಇಬ್ಬರೂ ಓಡಿದರು. ಸ್ವಲ್ಪ ಹೊತ್ತಿನಲ್ಲಿ ಬಟ್ಟೆ ಒಗೆಯುವ ಮನೆಯ ಒಳಗಿನಿಂದ ಸರದಿ ಬಂತೆಂದು ಸೆಂಗಾಳ ಹೆಸರು ಕೂಗಿದರು. ಅವಳ ಜಾಗಕ್ಕೆ ನಮ್ಮಲ್ಲಿ ಯಾರೂ ಮುಂದೆ ಹೋಗಲಿಲ್ಲ.